ಕಲ್ಲು ಬಾನಿಯ ಮೀನುಮರಿಗಳು

೧೯೩೮ರ ಕಾರ್ತಿಕ ಮಾಸದಲ್ಲಿ ನ್ಯಾಮತಿಯಲ್ಲಿ ಇಲಿ ಸತ್ತು ಬಿದ್ದವು. ಮೊದಲು ಧಾನ್ಯದ ಅಂಗಡಿಗಳ ಸಾಲಿನಲ್ಲಿ, ಆಮೇಲೆ ನಮ್ಮ ಬೀದಿಯಲ್ಲಿ. ಎಲ್ಲರೂ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂದು ಡಂಗುರ ಸಾರಿದರು. ಆ ಸಲದ ಪ್ಲೇಗಿನಲ್ಲಿ ನಮ್ಮ ಪಕ್ಕದ ಮನೆಯ ದರ್ಜಿ ಇಮಾಮ್ ಸಾಬರು ತೀರಿಕೊಂಡರು. ಅವರು ಮೀನಿನ ಹುಚ್ಚಿಗೆ ಸತ್ತರು ಎಂದು ಊರಿನಲ್ಲಿ ಈಗಲೂ ಹೇಳುತ್ತಾರೆ. ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವರ ತಮ್ಮ ಸಿಂಗಪುರದಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಒಮ್ಮೆ ಊರಿಗೆ ಬಂದಾಗ ಗಾಜಿನ ಭರಣಿಗಳಲ್ಲಿ ಎರಡು ಮೀನು ತಂದು ಅಣ್ಣನಿಗೆ ಕೊಟ್ಟು ಹೋದ. ಮರುವರ್ಷ ಅಲ್ಲಿಯೇ ಜ್ವರ ಬಂದು ಸತ್ತ. ಗಂಡು ಮೀನು ಹೆಬ್ಬೆರಳಿನಷ್ಟು ಉದ್ದ, ಮೈ ಕೆಂಪು, ರೆಕ್ಕೆ ನೀಲಿ. ಎದುರಿಗೆ ಕನ್ನಡಿ ಹಿಡಿದರೆ ಕಿವಿರು ಅಗಲಿಸಿ ಜಗಳಕ್ಕೆ ನಿಲ್ಲುತ್ತಿತ್ತು. ಆ ದೇಶದಲ್ಲಿ ಇವುಗಳನ್ನು ಕಾದಾಟಕ್ಕೆ ಬಿಡುತ್ತಾರಂತೆ.

ಇಮಾಮ್ ಸಾಬರಿಗೆ ಅದರ ಮರಿ ಮಾಡಿಸುವ ಹಟ. ಹಿತ್ತಲ ಪಡಸಾಲೆಯಲ್ಲಿ ನೆಲದಲ್ಲಿ ಹೂತ, ನೀರು ತುಂಬಿಡುವ ಕಲ್ಲು ಬಾನಿ ಇತ್ತು. ಅದರೊಳಗೆ ಜೋಡಿಯನ್ನು ಬಿಡುತ್ತಿದ್ದರು. ಗಂಡು ಬಾಯಿಂದ ಗುಳ್ಳೆ ಬಿಟ್ಟು ನೀರಿನ ಮೇಲೆ ನೊರೆಯ ಗೂಡು ಕಟ್ಟುವುದು, ಹೆಣ್ಣು ಹಾಕಿದ ಮೊಟ್ಟೆಯನ್ನು ಬಾಯಲ್ಲಿ ಹಿಡಿದು ಆ ಗೂಡಿಗೆ ಅಂಟಿಸುವುದು, ಇವನ್ನೆಲ್ಲ ನನ್ನನ್ನೂ ಕರೆದು ತೋರಿಸಿದ್ದರು. ಮೊದಲ ಸಲ ಮರಿಗಳನ್ನು ಲೋಟದಲ್ಲಿ ಎತ್ತಿ ಬೇರೆ ಪಾತ್ರೆಗೆ ಹಾಕಿದರು. ಬೆಳಗಿನ ಹೊತ್ತಿಗೆ ಒಂದೂ ಉಳಿಯಲಿಲ್ಲ. ಎರಡನೆಯ ಸಲ ಮರಿಗಳು ಈಜಲು ಕಲಿತ ದಿನವೇ ಅಪ್ಪ ಮೀನೇ ತಿಂದುಹಾಕಿತು.

"ಅಲ್ರೀ ಸಾಬ್ರೇ, ಇಷ್ಟು ಕಷ್ಟಪಟ್ಟು ಸಾಕ್ತೀರಿ, ಸಾರಿಗೂ ಸಾಲಂಗಿಲ್ಲ," ಎಂದು ನಮ್ಮ ಅತ್ತೆ ಗೋಡೆಯಾಚೆಯಿಂದ ಛೇಡಿಸುತ್ತಿದ್ದರು.

"ಲಿಂಗ ಕಟ್ಟಿಕೊಂಡೋರು ಮೀನಿನ ಸಾರಿನ ಲೆಕ್ಕ ಯಾಕೆ ಕೇಳ್ತೀರಮ್ಮ?" ಎಂದು ಅವರೂ ಬಿಡುತ್ತಿರಲಿಲ್ಲ.

ಅವರ ಹೆಂಡತಿ ಹುಸೇನ್ ಬಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಮರಿಗಳ ಆಹಾರಕ್ಕೆಂದು ಇಮಾಮ್ ಸಾಬರು ಮಡಕೆಯಲ್ಲಿ ಬಾಳೆಸಿಪ್ಪೆ ಕೊಳೆಹಾಕುತ್ತಿದ್ದರು. ಆ ನೀರಿನಲ್ಲಿ ಕಣ್ಣಿಗೆ ಕಾಣದ ಹುಳ ಹುಟ್ಟುತ್ತದೆ, ಮರಿಗಳಿಗೆ ಅದೇ ಹಾಲು ಎನ್ನುತ್ತಿದ್ದರು. "ಹಾಲಂತೆ ಹಾಲು! ಮನೆಯಾಗೆ ಕುಂತು ಉಣ್ಣಂಗಿಲ್ಲ ಈ ನಾತಕ್ಕೆ," ಎಂದು ಹುಸೇನ್ ಬಿ ನನ್ನ ಹತ್ತಿರ ಬೈದುಕೊಳ್ಳುತ್ತಿದ್ದಳು.

ಆ ಕಾರ್ತಿಕದಲ್ಲಿ ಮೂರನೆಯ ಸಲ ಮೊಟ್ಟೆಯಾಯಿತು. ಗಂಡು ಕಚ್ಚಿ ಹರಿದಿದ್ದರಿಂದ ಹೆಣ್ಣು ಮೀನು ಮರುದಿನ ಸತ್ತಿತು. ಇನ್ನು ಮರಿಯಾಗುವುದಿದ್ದರೆ ಇವೇ ಕೊನೆಯವು. ಡಂಗುರ ಸಾರಿದ ದಿನ ಬೆಳಿಗ್ಗೆ ಮೊಟ್ಟೆ ಒಡೆದಿದ್ದವು. ನೊರೆಯ ಕೆಳಗೆ ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕೆ, ಅದಕ್ಕೊಂದು ದಾರದಂಥ ಬಾಲ, ಅಂಥವು ಎಷ್ಟೋ ತೂಗಾಡುತ್ತಿದ್ದವು. ಒಂದು ಉದುರಿದರೆ ಗಂಡು ಇಳಿದು ಹೋಗಿ ಬಾಯಲ್ಲಿ ತಂದು ಮತ್ತೆ ಗೂಡಿಗೆ ಸೇರಿಸುತ್ತಿತ್ತು.

ಮನೆ ಖಾಲಿ ಮಾಡಿಸಲು ಬಂದ ಹೆಲ್ತ್ ಇನ್‌ಸ್ಪೆಕ್ಟರಿಗೆ ಇಮಾಮ್ ಸಾಬರು ಕೈಮುಗಿದರು. "ಮೂರು ದಿನ ಬಿಡ್ರಿ ಸ್ವಾಮಿ. ಈಗ ಗಂಡು ಮೀನನ್ನ ತೆಗೆದ್ರೆ ಮರಿ ತಳ ಸೇರಿ ಸಾಯ್ತವೆ. ಈಜಾಕೆ ಶುರು ಮಾಡಿದ ಮೇಲೆ ತೆಗೀದಿದ್ರೆ ಅದೇ ತಿನ್ತೈತೆ."

"ಊರಾಗೆ ಮನುಷ್ಯರು ಸಾಯ್ತಾರೆ, ನೀನು ಮೀನಿನ ಬಾಣಂತನ ಹೇಳ್ತೀಯಲ್ಲಯ್ಯ!" ಎಂದು ಇನ್‌ಸ್ಪೆಕ್ಟರು ಆಳುಗಳಿಗೆ ಸನ್ನೆ ಮಾಡಿದರು. ಬಿಸಿಲು ಒಳಗೆ ಬೀಳಲೆಂದು ಬೀದಿಯ ಎಲ್ಲ ಮನೆಗಳಂತೆ ಆ ಮನೆಯ ಹೆಂಚನ್ನೂ ಅಲ್ಲಲ್ಲಿ ಇಳಿಸಿದರು. ಹಿತ್ತಲ ಪಡಸಾಲೆಯದನ್ನು ಪೂರ್ತಿ ಇಳಿಸಿದರು.

ಗುಡಿಸಲುಗಳಲ್ಲಿ ಎಲ್ಲರಿಗೂ ಪ್ಲೇಗಿನ ಇನಾಕ್ಯುಲೇಶನ್ ಹಾಕಿದರು. ಇಮಾಮ್ ಸಾಬರು ಹಾಕಿಸಿಕೊಳ್ಳಲಿಲ್ಲ. ರಟ್ಟೆ ಬಾತರೆ ಒಂದು ವಾರ ಕಾಲಲ್ಲಿ ಮಿಷನ್ನು ತುಳಿದರೂ ಕೈಯಲ್ಲಿ ಬಟ್ಟೆ ಹಿಡಿಯಲು ಬರುವುದಿಲ್ಲ, ಮದುವೆಯ ಬಟ್ಟೆಗಳನ್ನು ಒಪ್ಪಿಕೊಂಡಿದ್ದಾಗಿದೆ ಎಂದರು. "ಸೂಜಿ ಹಿಡಿಯೋನಿಗೇ ಸೂಜಿ ಚುಚ್ತೀರೇನ್ರಿ?" ಎಂದು ನಗಾಡಿದರು. ಆಗ ನಾವೂ ನಕ್ಕೆವು.

ಮೂರನೆಯ ದಿನ ಬೆಳಿಗ್ಗೆ ಅವರು ಗುಡಿಸಲಿನಲ್ಲಿರಲಿಲ್ಲ. ಬಿಸಿಲೇರುವ ಹೊತ್ತಿಗೆ ಜೋಳದ ಹೊಲದ ಕಡೆಯಿಂದ ಬಂದರು. ಬರಿಗಾಲು. ಎರಡೂ ಕೈಯಲ್ಲಿ ಹಿಡಿದ ಒಂದು ಭರಣಿ, ಅದರಲ್ಲಿ ಗಂಡು ಮೀನು.

"ಗೌರಮ್ಮಾ, ಮರಿ ಈಜ್ತಾ ಐದಾವೆ! ತೂಗಾಡೋದು ಬಿಟ್ಟು ಅಡ್ಡಡ್ಡ! ಇವನನ್ನ ಹಿಡಿದು ತಂದೆ. ಬಾಳೆಸಿಪ್ಪೆ ಮಡಕೆ ನೀರು ಪೂರ್ತಿ ಬಾನಿಗೆ ಸುರಿದು ಬಂದೀನಿ," ಎಂದು ನನಗೆ ಹೇಳಿದರು. ಅಷ್ಟು ಖುಷಿಯಾಗಿದ್ದುದನ್ನು ನಾನು ಕಂಡಿರಲಿಲ್ಲ.

ಹುಸೇನ್ ಬಿ ಗುಡಿಸಲಿನಿಂದ ಹೊರಗೆ ಬಂದಳು. "ಇಲಿ ಬಿದ್ದ ಮನೆಗೆ ಹೋಗಿದ್ರಾ?"

"ಹೋಗಿ ಬಂದೆ. ಏನಾತು ಈಗ?"

"ಏನಾತು ಅಂತ ನಾನೇ ಹೇಳಬೇಕಾ?" ಎಂದು ಅವಳು ಅಲ್ಲಿಯೇ ಕುಳಿತುಬಿಟ್ಟಳು.

ಅಕ್ಕಪಕ್ಕದವರು ಕೂಗಾಡಿದರು. ಯಾರೋ ಓಡಿಹೋಗಿ ಇನ್‌ಸ್ಪೆಕ್ಟರನ್ನು ಕರೆತಂದರು. ಅವರು ಭರಣಿಯನ್ನು ಕಸಿದು, ಅದಕ್ಕೆ ಫಿನೈಲು ಸುರಿಸಿ, ಗುಂಡಿಯಲ್ಲಿ ಹೂಳಿಸಿದರು. ಇಮಾಮ್ ಸಾಬರು, "ಹೋಗ್ಲಿ ಬಿಡ್ರಿ, ಅವನ ಕೆಲಸ ಮುಗಿದಿತ್ತು," ಎಂದರು.

ಕೆಲವು ದಿನಗಳಲ್ಲಿ ಅವರಿಗೆ ಚಳಿಜ್ವರ ಬಂತು. ತೊಡೆಸಂದಿನಲ್ಲಿ ಗಡ್ಡೆ ಎದ್ದಿತು. ರೋಗಿಗಳಿಗೆಂದೇ ದೂರದಲ್ಲಿ ಹಾಕಿದ್ದ ಶೆಡ್ಡಿಗೆ ಗಾಡಿಯಲ್ಲಿ ಸಾಗಿಸಿದರು. ಹುಸೇನ್ ಬಿಯನ್ನು ಶೆಡ್ಡಿನ ಬಾಗಿಲವರೆಗೆ ಮಾತ್ರ ಬಿಟ್ಟರು. ನಮ್ಮ ಅತ್ತೆ ಗಂಜಿ ಕಾಯಿಸಿ ಕೊಟ್ಟಿದ್ದರು. ನಾನು ಅದನ್ನು ಹಿಡಿದು ಅವಳ ಜೊತೆ ಹೋಗಿದ್ದೆ. ಗಂಜಿ ಹಾಗೆಯೇ ವಾಪಸು ಬಂತು.

ಒಳಗಿನಿಂದ ಅವರ ದನಿ ಕೇಳುತ್ತಿತ್ತು. ಜ್ವರದಲ್ಲಿ ತಮ್ಮನನ್ನು ಕರೆಯುತ್ತಿದ್ದರು. ನಡುವೆ ಒಮ್ಮೆ ಸ್ಪಷ್ಟವಾಗಿ, "ಗಂಡನ್ನ ತೆಗೆದೀನಿ ಕಣೋ," ಎಂದರು. ಮಾರನೆಯ ದಿನ ಮಧ್ಯಾಹ್ನ ತೀರಿಕೊಂಡರು. ಮಣ್ಣಿಗೆ ಹೆಚ್ಚು ಜನರನ್ನು ಬಿಡಲಿಲ್ಲ. ಗುಂಡಿಗೆ ಸುಣ್ಣ ಹಾಕಿ ಮುಚ್ಚಿದರಂತೆ.

ಶಿವರಾತ್ರಿ ಕಳೆದ ಮೇಲೆ ನಾವು ಊರಿಗೆ ವಾಪಸಾದೆವು. ಮನೆಗಳನ್ನು ಸಾರಿಸಿ ಸುಣ್ಣ ಬಳಿಯುವ ಕೆಲಸ. ನಲ್ಲೂರಿನಿಂದ ಹುಸೇನ್ ಬಿಯ ಅಣ್ಣ ಅವಳನ್ನು ಕರೆದೊಯ್ಯಲು ಬಂದಿದ್ದ. ಪಾತ್ರೆ ಜೋಡಿಸಲು ನಾನು ಅವಳ ಜೊತೆ ಒಳಗೆ ಹೋದೆ. ಹಿತ್ತಲ ಪಡಸಾಲೆಗೆ ಬಿಸಿಲು ಬಿದ್ದಿತ್ತು. ಬಾನಿಯ ನೀರು ಅರ್ಧಕ್ಕಿಳಿದು ಗಾಢ ಹಸಿರಾಗಿತ್ತು. ಅದರ ಮೇಲೆ ಸೊಳ್ಳೆಯ ಮರಿಹುಳಗಳು ಕುಣಿಯುತ್ತಿದ್ದವು.

ಏನೂ ಉಳಿದಿರಲಾರದೆಂದುಕೊಂಡು ನಾನು ಚೆಂಬಿನಿಂದ ನೀರು ಎತ್ತಿದೆ. ತಳದಿಂದ ಏನೋ ಮೇಲೆ ಬಂದು ಒಂದು ಹುಳವನ್ನು ಹಿಡಿದು ಮತ್ತೆ ಮುಳುಗಿತು. ಇನ್ನೊಂದು ಬಂತು. ಆರೇಳು ಇದ್ದಿರಬೇಕು. ಬೆರಳಿನ ಒಂದು ಗೆಣ್ಣಿನಷ್ಟು ಬೆಳೆದಿದ್ದವು. ಒಂದೆರಡರ ಮೈ ಕೆಂಪಾಗಿತ್ತು. ಅವುಗಳ ರೆಕ್ಕೆ ಆಗಲೇ ಕಾದಾಡಿ ಹರಿದಿತ್ತು.

ನಾನು ಕರೆದೆ. ಹುಸೇನ್ ಬಿ ಬಂದು ಬಗ್ಗಿ ನೋಡಿದಳು.

"ಅವರು ಗಂಡನ್ನ ತೆಗೆದಿದ್ದು ಸರಿಯಾಗೇ ಐತೆ ನೋಡು," ಎಂದಳು.

ಒಂದನ್ನೂ ಜೊತೆಗೆ ಒಯ್ಯಲಿಲ್ಲ. ಬಾಗಿಲಿಗೆ ಬೀಗ ಹಾಕಿ ಗಾಡಿ ಹತ್ತಿದಳು. ಬೀಗ ಹಾಕುವ ಮೊದಲೇ ಚೆಂಬಿನಲ್ಲಿ ಹಿಡಿದು ತಂದಿದ್ದ ಮೀನುಗಳನ್ನು ನಾನು ನಮ್ಮ ಹಿತ್ತಲ ಬಾವಿಗೆ ಬಿಟ್ಟೆ. ಮುಂದಿನ ಮಳೆಗಾಲದವರೆಗೂ ನೀರು ಸೇದುವಾಗ ಒಮ್ಮೊಮ್ಮೆ ಕೆಂಪಗೆ ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ.

ಹುಸೇನ್ ಬಿ ನಲ್ಲೂರಿನಲ್ಲಿಯೇ ಇದ್ದಾಳೆ, ಕಣ್ಣು ಮಂಜಾಗಿದೆ ಎಂದು ಕೇಳಿದ್ದೇನೆ. ಆ ಮನೆಗೆ ಆಮೇಲೆ ಯಾರೂ ಬರಲಿಲ್ಲ. ಹಿತ್ತಲ ಪಡಸಾಲೆಗೆ ಹೆಂಚು ಮತ್ತೆ ಹೊದಿಸಿಲ್ಲ. ಇಳಿಸಿದ ಹೆಂಚುಗಳು ಗೋಡೆಯ ಪಕ್ಕ ಪೇರಿಸಿದಂತೆಯೇ ಇವೆ. ಹೋದ ಬೇಸಿಗೆಯಲ್ಲಿ ನಾನು ಹಿತ್ತಲ ಗೋಡೆಯ ಮೇಲಿಂದ ನೋಡಿದಾಗ ಬಾನಿಯಲ್ಲಿ ನೀರಿರಲಿಲ್ಲ.