ಮಾತು ಕಲಿಯಲು ಹೈದರಾಬಾದಿಗೆ

ಹೈದರಾಬಾದಿಗೆ ಹೋಗಿ ಓದುತ್ತೇನೆ ಎಂದು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದಾಗ ನನಗೆ ಮೂವತ್ಮೂರು ವರ್ಷ. ಮದುವೆಯಾಗಿ ಸಿರುಗುಪ್ಪಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಮನೆಯಲ್ಲಿ ಗಂಡ, ಅತ್ತೆ, ನಾಲ್ಕನೇ ಕ್ಲಾಸಿನ ಮಗಳು. ನಮ್ಮ ಮನೆಯವರದು ಮೋಟರ್ ವೈಂಡಿಂಗ್ ಅಂಗಡಿ. ನಾಟಿಯ ಕಾಲ ಬಂತೆಂದರೆ ಸುತ್ತಲಿನ ಗದ್ದೆಗಳ ಪಂಪುಗಳೆಲ್ಲ ಒಟ್ಟಿಗೆ ಮಾತಾಡಿಕೊಂಡಂತೆ ಸುಟ್ಟುಹೋಗುತ್ತಿದ್ದವು, ಅವರಿಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ನಾನು ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರು.

ಎಲ್ಲ ಶುರುವಾದದ್ದು ಮೂರನೇ ಕ್ಲಾಸಿನ ಒಬ್ಬ ಹುಡುಗಿಯಿಂದ. ‘ನನ್ನ ಮನೆ’ ಎಂಬ ಪ್ರಬಂಧದಲ್ಲಿ ಅವಳು, “ನಮ್ಮ ಅಮ್ಮ ಪೊಯ್ಯಿ ಮೇಲೆ ಅನ್ನ ಮಾಡುತ್ತಾಳೆ” ಎಂದು ಬರೆದಿದ್ದಳು. ನಾನು ‘ಪೊಯ್ಯಿ’ಗೆ ಕೆಂಪು ಗೆರೆ ಎಳೆದು ‘ಒಲೆ’ ಎಂದು ತಿದ್ದಿದೆ. ಮರುದಿನ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಟೀಚರ್, ನಮ್ಮ ಮನ್ಯಾಗ ತೆಲುಗು ಮಾತಾಡ್ತೀವ್ರಿ. ಪೊಯ್ಯಿ ಅಂತೀವ್ರಿ. ಒಲಿ ಅಂದ್ರ ನಮ್ಮ ಅಮ್ಮ ತಿರುಗಿನೂ ನೋಡಂಗಿಲ್ರಿ. ಹಂಗಾರ ತಪ್ಪು ನಂದೇನ್ರಿ, ನಮ್ಮ ಅಮ್ಮಂದೇನ್ರಿ?”

ಅವಳು ಜಗಳಕ್ಕೆ ಬಂದಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. “ನಿಮ್ಮ ಅಮ್ಮಂದು ತಪ್ಪಿಲ್ಲ, ಹೋಗು” ಎಂದು ಕಳಿಸಿದೆ. ಆದರೆ ಆ ಪ್ರಶ್ನೆ ನನ್ನ ಬೆನ್ನುಬಿಡಲಿಲ್ಲ. ನಮ್ಮ ಓಣಿಯಲ್ಲೇ ಬೆಳಿಗ್ಗೆ ಹಾಲಿನವನ ಜೊತೆ ತೆಲುಗು, ಅಂಗಡಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಇಷ್ಟನ್ನೂ ಒಂದೇ ಬಾಯಲ್ಲಿ ಹೇಗೆ ಇಟ್ಟುಕೊಂಡಿದ್ದೇವೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಕೆಲವು ತಿಂಗಳ ನಂತರ ಬಳ್ಳಾರಿಯಲ್ಲಿ ಶಿಕ್ಷಕರ ತರಬೇತಿ ಇತ್ತು. ಊಟದ ಹೊತ್ತಿನಲ್ಲಿ ಮೈಸೂರು ಕಡೆಯ ಮೇಡಂ ಒಬ್ಬರು ನನ್ನ ಪಕ್ಕ ಕುಳಿತರು. ಅವರಿಗೆ ಈ ಪೊಯ್ಯಿಯ ಕತೆ ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ ಕೇಳಿಸಿಕೊಂಡರು.

“ನೀವು ಕೇಳ್ತಿರೋದು ಒಂದು ದೊಡ್ಡ ಓದು ಕಣ್ರೀ. ಭಾಷಾವಿಜ್ಞಾನ ಅಂತ. ಹೈದರಾಬಾದಲ್ಲಿ ಎಂ.ಎ. ಮಾಡಬಹುದು. ನಿಮಗೆ ತೆಲುಗೂ ಬರುತ್ತೆ, ಯಾಕೆ ಪ್ರಯತ್ನ ಮಾಡಬಾರದು?”

“ಈ ವಯಸ್ಸಿನ್ಯಾಗೇನ್ರಿ ಮೇಡಂ?”

“ಪ್ರವೇಶ ಪರೀಕ್ಷೆ ವಯಸ್ಸು ಕೇಳೋದಿಲ್ಲ” ಎಂದು ಅವರು ಮತ್ತೆ ಊಟ ಶುರುಮಾಡಿದರು.

ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ತಾಮ್ರದ ತಂತಿ ಸುತ್ತುತ್ತ ಕುಳಿತಿದ್ದರು.

“ನಿನಗ ಕನ್ನಡ ಬರ್ತೈತಿ, ತೆಲುಗು ಬರ್ತೈತಿ. ಸಿಟ್ಟು ಬಂದ್ರ ಉರ್ದುನೂ ಬರ್ತೈತಿ. ಇನ್ನ ಏನ್ ಮಾತು ಕಲಿಯಾಕ ಹೈದರಾಬಾದಿಗೆ ಹೋಗ್ತಿ?” ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರೇ, “ಪರೀಕ್ಷಿ ಬರಿ. ಬರದ್ರೇನ್ ಗಂಟು ಹೋಗ್ತೈತಿ?” ಎಂದರು. ನಾನು ಪಾಸಾಗುತ್ತೇನೆಂದು ಅವರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ. ಹಾಗಾಗಿ ಇಬ್ಬರಿಗೂ ಧೈರ್ಯವಿತ್ತು.

ಪರೀಕ್ಷೆಯ ಕೇಂದ್ರ ಬಳ್ಳಾರಿಯಲ್ಲಿ ಬಿತ್ತು. ಮಗಳನ್ನೂ ಕರೆದುಕೊಂಡು ಮೂವರೂ ಜಾತ್ರೆಗೆ ಹೋದವರಂತೆ ಹೋದೆವು. ಒಳಗೆ ನನ್ನ ಸುತ್ತ ಕೂತವರೆಲ್ಲ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ ಹುಡುಗಿಯರು. ಒಬ್ಬಳು ನನ್ನನ್ನು ಮೇಲ್ವಿಚಾರಕಿ ಎಂದುಕೊಂಡು, “ಮೇಡಂ, ನೀರು ಕುಡಿಯಾಕ ಹೋಗ್ಬಹುದೇನ್ರಿ?” ಎಂದು ಕೇಳಿದಳು. “ಹೋಗಿ ಬಾ” ಎಂದೆ. ಹೊರಗೆ ಬಂದು ನೋಡಿದರೆ ಅಪ್ಪ ಮಗಳು ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಗಿಸಿ ನನಗೊಂದು ಪೊಟ್ಟಣ ಕಟ್ಟಿಸಿಕೊಂಡು ನಿಂತಿದ್ದರು.

ಫಲಿತಾಂಶ ಬಂತು. ಸೀಟು ಸಿಕ್ಕಿತ್ತು.

ಅವತ್ತು ಮನೆಯಲ್ಲಿ ಯಾರೂ ನಗಲಿಲ್ಲ. ನಮ್ಮ ಮನೆಯವರು ಬಹಳ ಹೊತ್ತು ಮೊಬೈಲಿನ ತೆರೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ, “ಬಳ್ಳಾರಿಯಾಗ ಕನ್ನಡ ಎಂ.ಎ. ಮಾಡಾಕ ಬರ್ತೈತಲ್ಲ. ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರಬಹುದು” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ನಾನು ಡಿಗ್ರಿ ಓದಿದ್ದೇ ಹಾಗೆ, ನನ್ನ ತವರು ಕುರುಗೋಡಿನಿಂದ ಬಳ್ಳಾರಿಗೆ ದಿನಾ ಬಸ್ಸಿನಲ್ಲಿ. ಕ್ಲಾಸು ಮುಗಿದ ಕೂಡಲೆ ಬಸ್ ಸ್ಟ್ಯಾಂಡಿಗೆ ಓಡುವುದೇ ನನ್ನ ಕಾಲೇಜು ಜೀವನವಾಗಿತ್ತು. ಸಂಜೆಯ ಹೊತ್ತು ಕಾಲೇಜು ಹೇಗಿರುತ್ತದೆಂದು ನಾನು ಕಂಡವಳಲ್ಲ. ಗಡಿಯಾರ ನೋಡದೆ ಲೈಬ್ರರಿಯಲ್ಲಿ ಕೂರಬೇಕು ಎಂಬ ಆಸೆ ನನಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಚಿಕ್ಕ ಹುಡುಗಿಯ ಹಟದಂತೆ ಕೇಳಿಸುತ್ತದೆಂದು ಸುಮ್ಮನಿದ್ದೆ. ಜೊತೆಗೆ ಮಗಳನ್ನು ಬಿಟ್ಟಿರುವ ಯೋಚನೆ ಬೇರೆ. ಒಂದು ದಿನ ಹೋಗುತ್ತೇನೆ ಎನ್ನುತ್ತಿದ್ದೆ, ಮರುದಿನ ಬೇಡ ಎನ್ನುತ್ತಿದ್ದೆ.

ಅವ್ವನ ಮಾತು ಕೇಳಿ ಬರೋಣವೆಂದು ಕುರುಗೋಡಿಗೆ ಹೋದೆ. ಅವ್ವ ಶೇಂಗಾ ಸುಲಿಯುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೆ ತಲೆ ಎತ್ತಲಿಲ್ಲ.

“ಬ್ಯಾಡ” ಎಂದಳು.

“ಯಾಕವ್ವ?”

“ಬ್ಯಾಡ ಅಂದ್ರ ಬ್ಯಾಡ. ಮಗಳನ್ನ ಓದಿಸೋ ವಯಸ್ಸಿನ್ಯಾಗ ತಾನು ಓದಾಕ ಹೋಗ್ತಾಳಂತ.” ಅಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಬಸ್ಸು ಹತ್ತುವವರೆಗೆ ಮತ್ತೆ ಒಂದು ಮಾತೂ ಆಡಲಿಲ್ಲ.

ಸಿರುಗುಪ್ಪಕ್ಕೆ ಮರಳಿ, ಚಪ್ಪಲಿ ಬಿಡುವ ಮೊದಲೇ, “ಅವ್ವ ಬ್ಯಾಡ ಅಂದ್ಲು. ಬಿಟ್ಟುಬಿಡ್ತೀನಿ” ಎಂದೆ. ಅಲ್ಲಿಯವರೆಗೆ ಈ ವಿಷಯದಲ್ಲಿ ಒಂದಕ್ಷರವನ್ನೂ ಆಡದ ಅತ್ತೆ ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೇಳಿದರು:

“ನಿಮ್ಮವ್ವ ಬ್ಯಾಡ ಅಂದ್ಲು, ಖರೆ. ಆದ್ರ ನೀ ಇರಾದು ಆಕಿ ಮನಿಯಾಗಲ್ಲ, ನನ್ನ ಮನಿಯಾಗ. ಇಲ್ಲಿ ಬ್ಯಾಡ ಅಂದೋರು ಯಾರದಾರ?”

ನಾನು ನಮ್ಮ ಮನೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಬೇಡ ಎಂದು ಅವರೂ ಹೇಳಿರಲಿಲ್ಲ.

“ಹೋಗು” ಎಂದರು ಅತ್ತೆ. “ಕೂಸನ್ನ ನಾ ನೋಡ್ಕೋತೀನಿ. ಆದ್ರ ಮೂರು ಹೊತ್ತು ಒಲಿ ಮುಂದ ನಿಂದ್ರಾಕ ನನ್ನ ಮೊಣಕಾಲಿಗೆ ಆಗಂಗಿಲ್ಲ. ನನ್ನ ಮಗಗ ಅಡಿಗಿ ಕಲಿಸು. ಅವ ಕಲತ್ರ ನೀ ಹೋಗು.”

“ಯಾರು, ನಾನಾ?” ಎಂದರು ನಮ್ಮ ಮನೆಯವರು.

“ನನಗ ಇನ್ನೊಬ್ಬ ಮಗ ಅದಾನೇನು?”

ಹೀಗೆ ನನ್ನ ಪ್ರವೇಶ ಪರೀಕ್ಷೆ ಮುಗಿದ ಮೇಲೆ ಅವರ ಪರೀಕ್ಷೆ ಶುರುವಾಯಿತು. ಅನ್ನ ಮೊದಲ ದಿನವೇ ಬಂತು. ಸಾರು ಹದಕ್ಕೆ ಬರಲು ಒಂದು ವಾರ ಹಿಡಿಯಿತು. ಜೋಳದ ರೊಟ್ಟಿ ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಕೂದಲೆಳೆಯಂಥ ತಂತಿಯನ್ನು ಕಡಿಯದೆ ಸುತ್ತುವ ಕೈ ಅದು, ಹಿಟ್ಟನ್ನು ಬಡಿಯಲು ಕೂತರೆ ಅಂಚೆಲ್ಲ ಸೀಳಿಹೋಗುತ್ತಿತ್ತು. ಅತ್ತೆ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. “ನೀರು ಕುದೀಲಿ ಮೊದ್ಲು. ಅವಸರ ಮಾಡಬ್ಯಾಡ. ಅದು ಮೋಟರ್ ಅಲ್ಲಲೇ, ರೊಟ್ಟಿ!” ಮಗಳು ದಿನಾ ಅಪ್ಪನಿಗೆ ಅಂಕ ಕೊಡುತ್ತಿದ್ದಳು. ಅವಳು ಬಹಳ ಬಿಗಿ ಮೇಷ್ಟ್ರು. ಒಂದು ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ ಪೂರಿಯಂತೆ ಉಬ್ಬಿತು. ನಮ್ಮ ಮನೆಯವರು ಸೌಟು ಹಿಡಿದುಕೊಂಡೇ ಓಣಿಗೆ ಹೋಗಿ ಎದುರುಮನೆಯವರನ್ನು ಕರೆದು ತೋರಿಸಿದರು. ಅತ್ತೆ ನನ್ನ ಕಡೆ ತಿರುಗಿ, “ಬ್ಯಾಗಿನ್ಯಾಗ ಬಟ್ಟಿ ಇಟ್ಕೋ” ಎಂದರು.

ಹೈದರಾಬಾದ್ ಹಾಸ್ಟೆಲಿನಲ್ಲಿ ನನ್ನ ಜೊತೆಯವಳು ವರಂಗಲ್ ಕಡೆಯ ಹುಡುಗಿ. ಮೊದಲ ವಾರ ‘ಆಂಟಿ’ ಎಂದಳು, ಎರಡನೇ ವಾರ ‘ಅಕ್ಕಾ’ ಎಂದಳು, ಆಮೇಲೆ ನನ್ನ ಚಟ್ನಿಪುಡಿಯ ಡಬ್ಬಿಯನ್ನು ಕೇಳದೆಯೇ ತೆಗೆಯುವಷ್ಟು ಹತ್ತಿರವಾದಳು. ನನ್ನ ತೆಲುಗು ಕೇಳಿ ಅವಳಿಗೆ ನಗು, ಅವಳ ತೆಲುಗು ಕೇಳಿ ನನಗೆ ನಗು. ಸಂಜೆ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಮೊದಮೊದಲು ನಾಲ್ಕು ಗಂಟೆಯಾಗುತ್ತಲೇ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು, ಬಸ್ಸು ತಪ್ಪುತ್ತದೆಂಬಂತೆ. ಆ ರೂಢಿ ಹೋಗಲು ಸ್ವಲ್ಪ ದಿನ ಬೇಕಾಯಿತು.

ಎರಡನೇ ತಿಂಗಳಲ್ಲಿ ಮಗಳು ಫೋನಿಗೆ ಬರುವುದನ್ನು ನಿಲ್ಲಿಸಿದಳು. ಇವತ್ತು ಇಲ್ಲ, ನಾಳೆಯೂ ಇಲ್ಲ. ನನ್ನ ಮೇಲೆ ಸಿಟ್ಟಾಗಿದ್ದಾಳೆ, ಇನ್ನು ಈ ಓದು ಸಾಕು ಎಂದು ಬ್ಯಾಗಿಗೆ ಬಟ್ಟೆ ತುಂಬತೊಡಗಿದೆ. ಬಂದುಬಿಡುತ್ತೇನೆಂದು ನಮ್ಮ ಮನೆಯವರಿಗೆ ಫೋನ್ ಮಾಡಿದರೆ, ಅತ್ತೆ ಮಗನ ಕೈಯಿಂದ ಫೋನ್ ಕಸಿದುಕೊಂಡರು.

“ಆಕಿಗೆ ಸಿಟ್ಟೂ ಇಲ್ಲ ಏನೂ ಇಲ್ಲ. ಓಣ್ಯಾಗ ಹೊಸ ಗೆಳತ್ಯಾರು ಸಿಕ್ಕಾರ, ಕುಂಟಾಬಿಲ್ಲಿ ಆಡಾಕ ಹೋಗ್ತಾಳ. ನಿನ್ನ ನೆನಸಾಕ ಆಕಿಗೆ ಪುರುಸೊತ್ತು ಬೇಕಲ್ಲವ್ವ!”

ನನ್ನನ್ನು ನೆನೆಯಲು ಮಗಳಿಗೆ ಪುರುಸೊತ್ತಿಲ್ಲ! ಸಮಾಧಾನವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸಿದೆ.

ದಸರೆಯ ರಜೆಗೆ ಮುಂಚೆ ನಮ್ಮ ಸರ್ ಒಂದು ಕೆಲಸ ಕೊಟ್ಟರು. ಊರಿಗೆ ಹೋದಾಗ ಮನೆಯವರಲ್ಲಿ ಯಾರದಾದರೂ ಸಹಜ ಮಾತನ್ನು, ಅವರನ್ನು ಕೇಳಿಯೇ, ರೆಕಾರ್ಡ್ ಮಾಡಬೇಕು. ಅವರು ಆಡಿದ್ದನ್ನು ಆಡಿದ ಹಾಗೆಯೇ ಬರೆದುಕೊಂಡು ಬರಬೇಕು. ನನಗೆ ಥಟ್ಟನೆ ನೆನಪಾದದ್ದು ಅವ್ವ. ಅವಳ ತವರು ಗಡಿಯಾಚೆ, ಆದೋನಿ ಕಡೆ. ಕನ್ನಡದಲ್ಲಿ ಶುರುಮಾಡಿದ ಮಾತು ಸಿಟ್ಟು ಏರಿದಂತೆ ತೆಲುಗಿಗೆ ಹೊರಳುತ್ತದೆ. ತೊಂದರೆಯೆಂದರೆ ನಾನು ಹೈದರಾಬಾದಿಗೆ ಹೋದಂದಿನಿಂದ ಅವ್ವ ನನ್ನ ಜೊತೆ ಮಾತೇ ಬಿಟ್ಟಿದ್ದಳು.

ಸಿರುಗುಪ್ಪದಲ್ಲಿ ಎರಡು ದಿನ ಇದ್ದು, ಮಗಳ ಜೊತೆ ಮನಸೋ ಇಚ್ಛೆ ಆಡಿ, ಕುರುಗೋಡಿಗೆ ಹೋದೆ. ಅವ್ವ ಬಾ ಎನ್ನಲಿಲ್ಲ, ನೀರು ಕೊಟ್ಟಳು. ಊಟಕ್ಕೂ ಬಡಿಸಿದಳು. ಮಾತಿಲ್ಲ.

“ಅವ್ವ, ನಿನ್ನ ಮಾತು ಫೋನಿನ್ಯಾಗ ತುಂಬ್ಕೋಬೇಕು. ಸಾಲಿ ಕೆಲಸ. ತುಂಬ್ಕೊಳ್ಲೇನು?”

ಅವ್ವ ಸ್ವಲ್ಪ ಯೋಚಿಸಿ ತಲೆಯಾಡಿಸಿದಳು. ಸೆರಗು ಸರಿಮಾಡಿಕೊಂಡಳು. ನಾನು ರೆಕಾರ್ಡರ್ ಒತ್ತಿ ಫೋನನ್ನು ಅವಳ ಮುಂದಿಟ್ಟೆ. ಅವ್ವ ಗಂಟಲು ಸರಿಪಡಿಸಿಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವರಂತೆ ಹೇಳಿದಳು:

“ನಮಸ್ಕಾರ. ನಾನು ಕುರುಗೋಡಿನ ನಿವಾಸಿಯಾಗಿರುತ್ತೇನೆ.”

ತಡೆಯಲಾಗದೆ ನಕ್ಕುಬಿಟ್ಟೆ. ಅಷ್ಟೇ ಸಾಕಾಯಿತು.

“ನಗ್ತಿ? ನಗು! ಗಂಡನ ಕೈಯಾಗ ಹಿಟ್ಟಿನ ಡಬ್ಬಿ ಕೊಟ್ಟು ಹೋದಾಕಿ ನೀನು, ನಗದೆ ಇನ್ನೇನ್ ಮಾಡ್ತಿ! ಇಡೀ ಓಣಿ ನನ್ನ ಕೇಳತೈತಿ, ನಿನ್ನ ಮಗಳು ಗಂಡನ್ನ ಬಿಟ್ಲೇನವ್ವ ಅಂತ. ಏನ್ ಹೇಳ್ಲಿ? ಮಾತು ಕಲಿಯಾಕ ಹೋಗ್ಯಾಳ ಅಂತ ಹೇಳ್ಲೇನು? ವರ್ಷ ತುಂಬೋದ್ರಾಗ ಬಾಯಿ ತೆಗದಾಕಿ ನೀನು, ಇವತ್ತಿನ ತನಕ ಮುಚ್ಚಿಲ್ಲ! ನಾ ಬ್ಯಾಡ ಅಂದೆ. ನಾ ಮಾಟ ಎವರು ವಿಂಟಾರು ಈ ಇಂಟ್ಲೊ? ಎವರೂ ವಿನರು! ನನ್ನ ಮಾತು ಕೇಳೋರು ಒಬ್ರೂ ಇಲ್ಲ!”

ಕನ್ನಡದಿಂದ ತೆಲುಗಿಗೆ, ಅಲ್ಲಿಂದ ಮತ್ತೆ ಕನ್ನಡಕ್ಕೆ, ಅವ್ವ ನಿಲ್ಲಲೇ ಇಲ್ಲ. ನಾನು ಚಿಕ್ಕಂದಿನಲ್ಲಿ ಮಾಡಿದ ತಂಟೆಗಳೂ ಬಂದವು, ಸತ್ತುಹೋದ ನಮ್ಮಪ್ಪನ ಪಾಲಿನ ಬೈಗುಳವೂ ಬಂತು. ಕೊನೆಗೆ ದನಿ ಇಳಿಯಿತು.

“ಆ ಊರಾಗ ಒಬ್ಬಾಕೇ ಇರ್ತಿ. ಜ್ವರ ಬಂದ್ರ ಯಾರು ನೋಡ್ತಾರ? ಅದನ್ನ ಒಬ್ರಾದ್ರೂ ಕೇಳಿದ್ರೇನು? ನಾ ಬ್ಯಾಡ ಅಂದಿದ್ದು ಅದಕ್ಕ.”

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಫೋನಿನ ಕಡೆ ನೋಡಿದಳು.

“ತುಂಬ್ಕೊಂಡೇನು?”

“ಹೂಂ.”

“ಎಲ್ಲಾ?”

“ಎಲ್ಲಾ.”

“ಹಚ್ಚು ನೋಡೂಣು.”

ಹಚ್ಚಿದೆ. ಅವ್ವ ಕಿವಿಯನ್ನು ಫೋನಿಗೆ ಹತ್ತಿರ ಹಿಡಿದು ಕೇಳುತ್ತ ಹೋದಳು. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಬಾಯಿಗೆ ಸೆರಗು ಅಡ್ಡ ಬಂತು, ತೆಲುಗಿನ ಮಾತು ಬಂದಾಗ ಮೈಯೆಲ್ಲ ಕುಲುಕಿಸಿ ನಕ್ಕಳು.

“ಅಯ್ಯ, ಇದು ಥೇಟ್ ನಮ್ಮವ್ವ ಬೈದಂಗ ಐತಿ! ಆಕಿನ ಬಂದು ಕುಂತಂಗ ಐತಲ್ಲೇ! ಇನ್ನೊಮ್ಮೆ ಹಚ್ಚು.”

ಎರಡನೇ ಸಲ ಕೇಳಿದ ಮೇಲೆ ಚಹಾ ಮಾಡಿದಳು. ಹಾಸ್ಟೆಲಿನ ಊಟ ಹೇಗೆ, ಜೊತೆಯ ಹುಡುಗಿ ಯಾರ ಪೈಕಿ, ರಾತ್ರಿ ಬಾಗಿಲಿಗೆ ಚಿಲಕ ಇದೆಯೋ ಎಂದೆಲ್ಲ ಕೇಳಿದಳು. ತಿಂಗಳುಗಟ್ಟಲೆ ಕೂಡಿಟ್ಟ ಪ್ರಶ್ನೆಗಳು.

“ಇದನ್ನ ಅಲ್ಲಿ ಎಲ್ಲಾರಿಗೂ ಕೇಳಿಸ್ತೀಯೇನು?”

“ನೀ ಬ್ಯಾಡ ಅಂದ್ರ ಇಲ್ಲ.”

ಅವ್ವ ಕಪ್ಪು ಕೆಳಗಿಟ್ಟು ಯೋಚಿಸಿದಳು. “ಕೇಳ್ಸು. ನಿಮ್ಮಪ್ಪಂದು ಬರ್ತೈತಲ್ಲ, ಅದೊಂದು ಬಿಟ್ಟು.”

ಕ್ಲಾಸಿನಲ್ಲಿ ಅದನ್ನು ಕೇಳಿಸಿದಾಗ ಕನ್ನಡ ಬಾರದವರೂ ನಕ್ಕರು. ಬೈಗುಳದ ರಾಗ ಎಲ್ಲರಿಗೂ ಗೊತ್ತಲ್ಲ. ಸರ್ ಅವ್ವನ ಒಂದು ಸಾಲನ್ನು ಬೋರ್ಡಿನ ಮೇಲೆ ಬರೆದು, ಎಲ್ಲಿ ಒಂದು ಭಾಷೆ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಕೇಳಿದರು. ಒಬ್ಬೊಬ್ಬರು ಒಂದೊಂದು ಕಡೆ ಗೆರೆ ಎಳೆದರು. ಅವಧಿ ಮುಗಿದರೂ ವಾದ ಮುಗಿಯಲಿಲ್ಲ. ಸಂಜೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. “ನಾ ಬೈದದ್ದಕ್ಕ ಅಷ್ಟು ಮಂದಿ ಜಗಳಾಡಿದ್ರೇನು?” ಎಂದು ಖುಷಿಪಟ್ಟಳು. ಮುಂದಿನ ರಜೆಯಲ್ಲಿ ನಾನು ಹೋಗುವಷ್ಟರಲ್ಲಿ ಓಣಿಯ ಹೆಂಗಸರು ನನಗಾಗಿ ಕಾಯುತ್ತಿದ್ದರು. ನಮ್ಮದೂ ತುಂಬಿಕೋ, ನಮ್ಮದೂ ತುಂಬಿಕೋ ಎಂದು ಅಂಗಳದಲ್ಲಿ ಸಾಲಾಗಿ ಕೂತರು. ನನ್ನ ಕೊನೆಯ ವರ್ಷದ ಪ್ರಬಂಧ ಸಿದ್ಧವಾದದ್ದು ಅವರ ಮಾತಿನಿಂದಲೇ.

ಎಂ.ಎ. ಮುಗಿಸಿ ಈಗ ಬಳ್ಳಾರಿಯಲ್ಲಿ ಚಿಕ್ಕಮಕ್ಕಳ ಓದಿನ ಪುಸ್ತಕ ತಯಾರಿಸುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಸಿರುಗುಪ್ಪದಿಂದ ದಿನಾ ಓಡಾಟ. ತೆಕ್ಕಲಕೋಟೆಯಲ್ಲಿ ಬಸ್ಸು ತುಂಬುತ್ತದೆ. ಕಿಟಕಿಯ ಸೀಟು ಸಿಕ್ಕರೆ ನಿದ್ದೆ ಮಾಡುತ್ತೇನೆ, ಸಿಗದಿದ್ದರೆ ಪಕ್ಕದವರ ಮಾತು ಕೇಳುತ್ತ ಹೋಗುತ್ತೇನೆ.