ಸಾವಿನ ಮನೆಯಲ್ಲಿ ಗಂಡನನ್ನು ಬೈದದ್ದು

ನಮ್ಮ ಯಜಮಾನರು ತೀರಿಕೊಂಡಾಗ ನಾನು ಅಳಲಿಲ್ಲ. ಅಳು ಬರಲಿಲ್ಲ, ಅಷ್ಟೇ. ಮುದ್ದೆ ಎದೆಯಲ್ಲಿ ಸಿಕ್ಕಿಕೊಂಡ ಹಾಗಿತ್ತು. ಬಂಗಾರಪೇಟೆಯ ನೆಂಟರು ಬೆನ್ನ ಹಿಂದೆ "ಕಲ್ಲು ಮನಸ್ಸಿನ ಹೆಂಗಸು" ಎಂದು ಆಡಿಕೊಂಡರು. ಕವಿತೆ ಬರೆಯುವ ಚಟ ಮೊದಲಿಂದ ಇತ್ತು, ಬರೆದೆ. ಆರಿದ ದೀಪ, ಬರಿದಾದ ಬಾನು, ಎಲ್ಲ ಇತ್ತು ಅದರಲ್ಲಿ. ಊರಿನ ಕವಿಗೋಷ್ಠಿಯಲ್ಲಿ ಓದಿದಾಗ ಚಪ್ಪಾಳೆಯೂ ಬಿತ್ತು. ಮನೆಗೆ ಬಂದರೆ ಎದೆಯ ಭಾರ ಹಾಗೇ ಇತ್ತು. ಅನ್ನ ಸೇರದು, ನಿದ್ದೆ ಹತ್ತದು. ಹೀಗೇ ಆದರೆ ನಾನೂ ಹೋಗಿಬಿಡುತ್ತೇನೆ ಎಂದು ನಿಜವಾಗಿಯೂ ಹೆದರಿದ್ದೆ.

ಆ ವರ್ಷವೇ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ ಯಜಮಾನರ ಚಿಕ್ಕಮ್ಮ ಹೋದರು. ತಾಯಿ ಇಲ್ಲದ ಇವರನ್ನು ಸಾಕಿದ್ದು ಆಕೆಯೇ. ಬೆಳಗಿನ ರೈಲಿಗೆ ಹೊರಟೆ. ಗಣಿ ಕೆಲಸಗಾರರ ಸಾಲು ಮನೆಗಳಲ್ಲಿ ಸಾವಾದರೆ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಸುತ್ತ ಕೂತು ಒಪ್ಪಾರಿ ಹೇಳುತ್ತಾರೆ. ಹಾಡಿಕೊಂಡು ಅಳುವುದು. ಸತ್ತವರು ಯಾರೇ ಆಗಲಿ, ಹಾಡುವವಳು ತನ್ನ ಮನೆಯಲ್ಲಿ ಹೋದವರನ್ನೂ ಕರೆಯುತ್ತಾಳೆ. ಅದಕ್ಕೆ ಯಾರ ತಕರಾರೂ ಇಲ್ಲ. ಒಬ್ಬಳು ತಮಿಳಿನಲ್ಲಿ ಅಣ್ಣನನ್ನು ಕರೆದಳು, ಇನ್ನೊಬ್ಬಳು ತೆಲುಗಿನಲ್ಲಿ ಮಗಳನ್ನು. ನನ್ನ ಸರದಿ ಬಂತು. ಗೋಷ್ಠಿಯ ಕವಿತೆಯನ್ನೇ ರಾಗ ಎಳೆದು ಶುರು ಮಾಡಿದೆ. ಯಾರೂ ದನಿಗೂಡಿಸಲಿಲ್ಲ.

ಪಕ್ಕದ ಅಜ್ಜಿ ಮೊಣಕೈಯಿಂದ ತಿವಿದಳು. "ಅದ್ಯಾವ ದೀಪನಮ್ಮಾ? ನಿನ್ ಗಂಡನ್ನ ಕರೀ. ಅವನ್ ಮ್ಯಾಲೆ ಸಿಟ್ಟಿಲ್ವಾ?"

ಇಲ್ಲದೆ ಏನು! ಬಾಯಿಗೆ ಬಂದದ್ದನ್ನು ಹಾಡಿದೆ:

"ಸಾರಿಗೆ ಉಪ್ಪೆಚ್ಚಾದ್ರೆ ಬೀದಿಗೆಲ್ಲ ಕೇಳೋಂಗೆ ಕೂಗ್ತಿದ್ದೋನೇ,
ಓಗೋವಾಗ ಒಂದ್ಸಲ ನನ್ನ ಕೂಗ್ಲಿಲ್ವಲ್ಲೋ..."

"ಕೂಗ್ಲಿಲ್ವಲ್ಲೋ" ಎಂದು ಸುತ್ತ ಕೂತವರೆಲ್ಲ ಎಳೆದರು. ಅಷ್ಟೇ, ಕಟ್ಟೆ ಒಡೆಯಿತು. ಅಳುತ್ತಾ ಬೈದೆ, ಬೈಯುತ್ತಾ ಅತ್ತೆ. ಅವರ ಗೊರಕೆ, ಕದ್ದು ಸೇದುತ್ತಿದ್ದ ಬೀಡಿ, ಒಂದನ್ನೂ ಬಿಡಲಿಲ್ಲ. ನಡುವೆ ಯಾರೋ "ನಮ್ಮೋನೂ ಅಂಗೇ ಕಣಕ್ಕ" ಎಂದು ನಕ್ಕೇಬಿಟ್ಟರು. ನಾನೂ ನಕ್ಕೆ. ದೇವರಾಣೆ, ಎಷ್ಟು ಹಗುರವಾಯಿತು!

ನನ್ನ ಹಾಡು ನಿಂತಾಗ ಚಿಕ್ಕಮ್ಮನ ಮಗಳು ಬಂದು ನನ್ನ ಕೈ ಹಿಡಿದಳು. ಬೆಳಗಿನಿಂದ ಅವಳ ಕಣ್ಣಲ್ಲೂ ಒಂದು ಹನಿ ಬಂದಿರಲಿಲ್ಲವಂತೆ.

"ಅತ್ತಿಗೇ, ನಮ್ಮಮ್ಮನ್ನೂ ರವಷ್ಟು ಬಯ್ಯಿ" ಅಂದಳು.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಗಲ ಮೇಲೆ ಕೈ ಹಾಕಿದೆ.

"ನೀನೇ ಬಯ್ಯಮ್ಮ," ಎಂದೆ. "ನಾವು ದನಿ ಕೂಡಿಸ್ತೀವಿ."