ಕತ್ತಾಳೆಯ ಮೇಲೊಂದು ಸಂಶಯ

ಕಳೆದ ವಾರ ಶಿಗ್ಗಾವಿಯಲ್ಲಿ ಒಂದು ಬಾಟಲಿಯ ವಿಚಾರಣೆ ನಡೆಯಿತು. ಸಾಕ್ಷಿ ನಾನು. (ನನಗೆ ಕುಡಿತದ ಚಟವಿಲ್ಲವೆಂದು ಬಲ್ಲ ಓದುಗರು ಹುಬ್ಬೇರಿಸಬಾರದು. ಚಟವಿಲ್ಲದವನೇ ಬೇಕೆಂದು ಕರೆಸಿದ್ದರು.)

ಹಗ್ಗ ಹೊಸೆಯುವ ದ್ಯಾಮಣ್ಣ ನಮ್ಮ ನೆರೆಯವನು. ಅವನ ಮಗ ಯಲ್ಲಪ್ಪ ಪಲ್ಟನ್ ಸೇರಿ ಯುದ್ಧಕ್ಕೆ ಹೋಗಿದ್ದ. ಹೊಟ್ಟೆಬೇನೆಯಿಂದ ತೀರಿಕೊಂಡನೆಂದು ಸರಕಾರದ ತಾರು ಬಂತು. ಅಷ್ಟೇ. ಯುದ್ಧ ಮುಗಿದ ಮೇಲೆ ಅವನ ಜೊತೆಗಾರ, ಸವಣೂರಿನ ಫಕೀರಪ್ಪ, ಅರ್ಧ ಉಳಿದ ಬಾಟಲಿಯೊಂದನ್ನು ಹಿಡಿದು ಬಂದ. ಅಮೆರಿಕದ ಸೋಲ್ಜರನೊಬ್ಬ ಇಬ್ಬರಿಗೂ ಸೇರಿಸಿ ಕೊಟ್ಟದ್ದಂತೆ. ಹೆಸರು ಟೆಕೀಲಾ, ಆ ಕಡೆಯ ಸಾರಾಯಿ.

"ಕಾಕಾ, ಅರ್ಧ ನಿಮಗಂತ ಯಲ್ಲಪ್ಪ ತಗದಿಟ್ಟಿದ್ದ. ಕಟ್ಟಗಿ ಪೀಪಾಯಿದಾಗ ವರ್ಷಗಟ್ಲೆ ಇಟ್ಟದ್ದು. ಭಾಳ ಅಪರೂಪದ್ದರಿ."

"ಯಾತರಿಂದ ಮಾಡ್ತಾರ?"

"ಕತ್ತಾಳಿಂದರಿ. ಅದರ ಗಡ್ಡಿ ಬೇಯಿಸಿ."

ಹಗ್ಗ ಹೊಸೆಯುತ್ತಿದ್ದ ದ್ಯಾಮಣ್ಣನ ಕೈ ನಿಂತಿತು. ಕತ್ತಾಳೆ ಕೊಯ್ದು, ಕೊಳೆಹಾಕಿ, ನಾರು ತೆಗೆಯುವ ಕೈ ಅದು. ಅದರ ರಸ ತಾಗಿದರೆ ಮೊಣಕೈವರೆಗೂ ಬೊಕ್ಕೆಗಳು.

"ಬೇಲ್ಯಾಗಿನ ಕತ್ತಾಳಿ ಕುಡ್ಯಾಕ ಹಡಗ ಹತ್ತಿದ್ರೇನ ಇಬ್ಬರೂ? ತೊಗಲಿಗೆ ಹತ್ತಿದ್ರ ಬೊಕ್ಕಿ ಏಳ್ತಾವ. ಹೊಟ್ಟ್ಯಾಗ ಹ್ವಾದ್ರ? ನನ್ನ ಮಗನ್ನ ಇದ ಕೊಂದೈತಿ. ಕುಡಿಸಿದಾಂವ ನೀನ."

"ನಾನೂ ಕುಡಿದೇನಿ, ಕಾಕಾ. ಬದುಕೇನಲ್ಲ?"

"ಅದಕ್ಕ ನಿನ್ನ ಮ್ಯಾಲ ಸಂಶೆ."

ಹೀಗಾಗಿ ಶಾಲೆಯ ಮಾಸ್ತರನಾದ ನನಗೆ ಕರೆ. ನಾನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಜೇನುತುಪ್ಪದ ಬಣ್ಣ. ತಳದಲ್ಲಿ ಗಸಿಯಿಲ್ಲ. ಆದರೆ ತಿಳಿಯಾಗಿ ಕಂಡದ್ದನ್ನೆಲ್ಲ ನಂಬಬೇಕೆ?

ಮೊದಲು ಫಕೀರಪ್ಪ ಕುಡಿದ. ದ್ಯಾಮಣ್ಣ ಒಂದು ಹಗ್ಗ ಹೊಸೆದು ಮುಗಿಸುವವರೆಗೂ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಏನೂ ಆಗಲಿಲ್ಲ.

"ಮಾಸ್ತರ, ಇನ್ನ ನೀವು."

ಒಂದು ಗುಟುಕು. ಮೊದಲು ಗಂಟಲಲ್ಲಿ ಬೆಂಕಿ. ಅದು ಇಳಿದ ಮೇಲೆ ಹಸಿ ಕಟ್ಟಿಗೆಯ ವಾಸನೆ, ಗಾಣದ ಮನೆಯ ಸೀದ ಬೆಲ್ಲದ ಸಿಹಿ, ಕೊನೆಗೆ ನಾಲಿಗೆಯ ತುದಿಯಲ್ಲಿ ಮೆಣಸು. ಚೆನ್ನಾಗಿತ್ತು. ಅಷ್ಟು ಚೆನ್ನಾಗಿರುವುದೇ ಅನುಮಾನಕ್ಕೆ ಕಾರಣವಲ್ಲವೆ?

ಕೊನೆಗೆ ದ್ಯಾಮಣ್ಣ ಕುಡಿದ. ಗಂಟಲು ಸವರಿಕೊಂಡ. ಕಾದ. ಬಾಯಿ ಚಪ್ಪರಿಸಿದ.

"ತುರಸೂದಿಲ್ಲ," ಎಂದ. ಬಾಟಲಿಗೆ ಬಿರಡೆ ಹಾಕುತ್ತ, "ರುಚಿ ಐತಿ."

ಫಕೀರಪ್ಪ ಹಗುರಾಗಿ ಉಸಿರು ಬಿಟ್ಟ. ನಾನೂ ಏಳಲು ಅಣಿಯಾದೆ.

"ಹಂಗಾರ ನನ್ನ ಮಗ ಯಾತಕ್ಕ ಸತ್ತಾ?"

ಫಕೀರಪ್ಪ ಬಾಟಲಿಯನ್ನು ದ್ಯಾಮಣ್ಣನತ್ತ ಸರಿಸಿ ಎದ್ದುನಿಂತ. ಅವನಿಗೂ ಗೊತ್ತಿರಲಿಲ್ಲ, ಅಥವಾ ಹೇಳಲಾಗಲಿಲ್ಲ. ಯಾವುದೆಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಕತ್ತಾಳೆಯನ್ನೇನೋ ನಿರ್ದೋಷಿಯೆಂದು ಬಿಟ್ಟು ಬಂದೆವು. ಇನ್ನು ಆ ತಂದೆ ಯಾರನ್ನು ಶಂಕಿಸಬೇಕು?